ವಿಳಂಬ ಲಯದ ಮಿಡ್‌ಫೀಲ್ಡರ್

ಫುಟ್‌ಬಾಲ್ ಬಲ್ಲವರ ನಡುವೆ ರಾಬರ್ಟ್ ಪ್ರೊಸಿನೆಚ್ಕಿ ಹೆಸರು ಬಂದರೆ ಸಾಕು, ‘ಪೋಲಾದ ಪ್ರತಿಭೆ’ ಎಂಬ ಮಾತು ಬೆನ್ನಿಗೇ ಬರುತ್ತದೆ. 22ನೇ ವಯಸ್ಸಿಗೆ ಯುರೋಪಿಯನ್ ಕಪ್ ಗೆದ್ದವರು ರಿಯಲ್ ಮ್ಯಾಡ್ರಿಡ್‌ಗೆ ಹೋಗಿ ಗಾಯಾಳುವಾಗಿ ಸವೆದರು, ಬಾರ್ಸಿಲೋನಾದಲ್ಲೂ ನೆಲೆ ನಿಲ್ಲಲಿಲ್ಲ, ಊರೂರು ಅಲೆದು ಇಂಗ್ಲೆಂಡಿನ ಎರಡನೇ ದರ್ಜೆಯ ಪೋರ್ಟ್ಸ್‌ಮತ್ ತಂಡಕ್ಕೂ ಆಡಿದರು ಎಂಬುದು ಎಲ್ಲರೂ ಹೇಳುವ ಕಥೆ. ಅದರಲ್ಲಿರುವ ಸಂಗತಿಗಳೆಲ್ಲ ನಿಜ. ಅವುಗಳ ಮೇಲೆ ಕೊಟ್ಟ ತೀರ್ಪು ಮಾತ್ರ ತಪ್ಪು ಎಂಬುದು ನನ್ನ ವಾದ. ಓಟದಿಂದ ಬದುಕುವ ಆಟಗಾರನಿಗೆ ಸಲ್ಲುವ ಅಳತೆಗೋಲಿನಿಂದ, ತಡೆದು ನಿಲ್ಲಿಸುವುದನ್ನೇ ಕಲೆಯಾಗಿಸಿಕೊಂಡ ಆಟಗಾರನನ್ನು ಅಳೆದದ್ದರಿಂದ ಆದ ತಪ್ಪು ಅದು.

ಅವರ ಆಟದ ತಿರುಳು ಒಂದೇ ಒಂದು ಚಲನೆಯಲ್ಲಿದೆ. ಎದುರಾಳಿ ಹತ್ತಿರ ಬಂದಾಗ ಪ್ರೊಸಿನೆಚ್ಕಿ ಹೆಚ್ಚುಕಡಿಮೆ ನಿಂತೇಬಿಡುತ್ತಿದ್ದರು. ಚೆಂಡನ್ನು ಅವನ ಕಾಲಿಗೆ ಸಿಗುವಷ್ಟು ಮುಂದಿಟ್ಟು ಕಾಯುತ್ತಿದ್ದರು. ಸಿಕ್ಕೇಬಿಟ್ಟಿತು ಎಂದು ಅವನು ಕಾಲು ಚಾಚಿದ ಕ್ಷಣದಲ್ಲಿ ಅಂಗಾಲಿನಿಂದ ಚೆಂಡನ್ನು ಹಿಂದಕ್ಕೆಳೆದು, ಮೈ ತಿರುಗಿಸಿ, ಚಾಚಿದ ಕಾಲಿನ ಪಕ್ಕದಿಂದಲೇ ದಾಟಿಹೋಗುತ್ತಿದ್ದರು. ಇದರಲ್ಲಿ ಕಾಲಿನ ವೇಗಕ್ಕೆ ಕೆಲಸ ಕಡಿಮೆ. ಎದುರಾಳಿ ಯಾವಾಗ ತಾಳ್ಮೆ ಕಳೆದುಕೊಳ್ಳುತ್ತಾನೆ ಎಂಬ ಅಂದಾಜಿಗೇ ಎಲ್ಲ ಕೆಲಸ. ವಿಳಂಬ ಲಯದಲ್ಲಿ ಹಾಡುವವರು ಸಮಕ್ಕೆ ಬರುವ ಮುನ್ನ ಕೇಳುಗರನ್ನು ಕಾಯಿಸುವ ಹಾಗೆ, ಇಲ್ಲಿ ಕಾಯಿಸುವುದೇ ವಿದ್ಯೆ. ಇಬ್ಬರು ಮೂವರು ಆಟಗಾರರು ತಮ್ಮ ಜಾಗ ಬಿಟ್ಟು ಅವರತ್ತ ನುಗ್ಗುತ್ತಿದ್ದರು. ಅವರು ಬಿಟ್ಟ ಜಾಗಕ್ಕೆ ಪಾಸ್ ಹೋಗುತ್ತಿತ್ತು. 1991ರ ಯುರೋಪಿಯನ್ ಕಪ್ ಸೆಮಿಫೈನಲ್‌ನಲ್ಲಿ ಬಯರ್ನ್ ವಿರುದ್ಧ ಮ್ಯೂನಿಕ್‌ನಲ್ಲಿ ಅವರ ರೆಡ್ ಸ್ಟಾರ್ ತಂಡದ ಪಾಂಚೆವ್ ಹೊಡೆದ ಗೋಲನ್ನು ಇಂದಿಗೂ ಮೆಚ್ಚಿ ನೋಡುತ್ತಾರೆ. ಅದಕ್ಕೆ ದಾರಿ ತೆರೆದದ್ದು ಬಲ ಅಂಚಿನಲ್ಲಿ ಓಡುತ್ತಿದ್ದ ಬಿನಿಚ್‌ಗೆ ಪ್ರೊಸಿನೆಚ್ಕಿ ಕಳಿಸಿದ ಉದ್ದದ ಪಾಸ್.

ಈ ಆಟ ಎಲ್ಲರ ಕಣ್ಣಿಗೂ ಹಿಡಿಸಲಿಲ್ಲ. ಜರ್ಮನಿಯ ಶ್ವೆನಿಂಗನ್‌ನಲ್ಲಿ 1969ರಲ್ಲಿ ಹುಟ್ಟಿದ ಪ್ರೊಸಿನೆಚ್ಕಿ ಬೆಳೆದದ್ದು ಡಿನಾಮೊ ಜಾಗ್ರೆಬ್ ಕ್ಲಬ್ಬಿನಲ್ಲಿ. ತಂದೆ ಕ್ರೊಯೇಷಿಯಾದವರು, ತಾಯಿ ಸರ್ಬಿಯಾದವರು. 1987ರಲ್ಲಿ ಡಿನಾಮೊ ಕೋಚ್ ಮಿರೊಸ್ಲಾವ್ ಬ್ಲಾಜೆವಿಚ್ ಪ್ರೊಸಿನೆಚ್ಕಿಗೆ ವೃತ್ತಿಪರ ಒಪ್ಪಂದ ನಿರಾಕರಿಸಿದರು. ಈ ಹುಡುಗ ನಿಜವಾದ ಫುಟ್‌ಬಾಲಿಗನಾದರೆ ತಮ್ಮ ಕೋಚಿಂಗ್ ಡಿಪ್ಲೊಮಾವನ್ನೇ ತಿಂದುಬಿಡುವುದಾಗಿ ಅವರು ಹೇಳಿದ್ದು ಆ ನಾಡಿನಲ್ಲಿ ಗಾದೆಯಂತೆ ಉಳಿದಿದೆ. ಹುಡುಗ ಬೆಲ್‌ಗ್ರೇಡಿನ ರೆಡ್ ಸ್ಟಾರ್ ಸೇರಿದರು. ಅದೇ ವರ್ಷ ಚಿಲಿಯಲ್ಲಿ ಯುಗೊಸ್ಲಾವಿಯ ಗೆದ್ದ ಯುವ ವಿಶ್ವಕಪ್‌ನಲ್ಲಿ ಶ್ರೇಷ್ಠ ಆಟಗಾರರಾದರು. ನಾಲ್ಕು ವರ್ಷಗಳ ನಂತರ ಬಾರಿಯಲ್ಲಿ ಮಾರ್ಸೆ ವಿರುದ್ಧದ ಫೈನಲ್ ಪೆನಾಲ್ಟಿ ಶೂಟೌಟ್‌ಗೆ ಹೋದಾಗ ರೆಡ್ ಸ್ಟಾರ್‌ನ ಮೊದಲ ಒದೆತ ಅವರದೇ. ಅದು ಗೋಲಾಯಿತು, ಕಪ್ ಬಂತು.

ಮ್ಯಾಡ್ರಿಡ್‌ನಲ್ಲಿ ಸ್ನಾಯುಗಳು ಕೈಕೊಟ್ಟವು. ಮೊದಲ ಋತುವಿನ ಲೀಗ್‌ನಲ್ಲಿ ಆಡಿದ್ದು ಬೆರಳೆಣಿಕೆಯ ಪಂದ್ಯ. ಹೀಗೆ ದೇಹ ಸೋತ ಮೇಲೂ ಕಲೆ ಉಳಿದಿತ್ತೇ ಎಂಬುದೇ ನನ್ನ ವಾದಕ್ಕೆ ನಿಜವಾದ ಪರೀಕ್ಷೆ. ಎರವಲಾಗಿ ಹೋದ ಒವಿಯೆಡೊದಲ್ಲಿ, ರಾಡೊಮಿರ್ ಆಂಟಿಚ್ ಕೈಕೆಳಗೆ 1994–95ರಲ್ಲಿ ಅವರ ಆಟ ಮತ್ತೆ ಕುದುರಿತು. ಯೊಹಾನ್ ಕ್ರೈಫ್‌ರಂಥವರು ಅವರನ್ನು ಬಾರ್ಸಿಲೋನಾಕ್ಕೆ ಕರೆಸಿಕೊಂಡದ್ದು ಅದಾದ ಮೇಲೆ. ಇನ್ನೂ ದೊಡ್ಡ ಸಾಕ್ಷ್ಯ ಪೋರ್ಟ್ಸ್‌ಮತ್‌ನದು. ಓಟ ಎಂಬುದು ಉಳಿದೇ ಇರದ 33ರ ವಯಸ್ಸಿನಲ್ಲಿ, ದೇಹಬಲವೇ ಪ್ರಧಾನವಾದ ಆ ಲೀಗ್‌ನಲ್ಲಿ, 2002ರಲ್ಲಿ ಬಾರ್ನ್‌ಸ್ಲಿ ವಿರುದ್ಧ 4–4ರಲ್ಲಿ ಮುಗಿದ ಪಂದ್ಯವೊಂದರಲ್ಲೇ ಮೂರು ಗೋಲು ಹೊಡೆದರು. ಒಂದೇ ಋತು ಆಡಿದ ಅವರನ್ನು ಆ ಊರು ಇಂದಿಗೂ ಅಕ್ಕರೆಯಿಂದ ನೆನೆಯುತ್ತದೆ. ವೇಗವೇ ಬಂಡವಾಳವಾಗಿದ್ದವರ ಆಟ ವೇಗದ ಜೊತೆಗೇ ಮುಗಿಯುತ್ತದೆ. ಇವರದು ಮುಗಿಯಲಿಲ್ಲ.

ಸಿಗರೇಟಿನ ಚಟ, ಶಿಸ್ತಿಲ್ಲದ ಬದುಕು ಎಂಬ ಆಕ್ಷೇಪವನ್ನು ತಳ್ಳಿಹಾಕಲಾರೆ. ಮೈಯನ್ನು ಇನ್ನಷ್ಟು ಜೋಪಾನ ಮಾಡಿದ್ದರೆ ಇನ್ನಷ್ಟು ಪಂದ್ಯ ಸಿಗುತ್ತಿತ್ತೇನೋ. ಆದರೆ ಕಳೆದುಹೋದ ವರ್ಷಗಳ ಲೆಕ್ಕ ಬರೆಯುವಾಗ ಇತಿಹಾಸದ ಪಾಲನ್ನೂ ಬರೆಯಬೇಕು. ಬಾರಿಯ ಫೈನಲ್ ನಡೆದದ್ದು 1991ರ ಮೇ 29ರಂದು. ಜೂನ್ 25ಕ್ಕೆ ಕ್ರೊಯೇಷಿಯಾ ಯುಗೊಸ್ಲಾವಿಯದಿಂದ ಸ್ವಾತಂತ್ರ್ಯ ಘೋಷಿಸಿತು, ಯುದ್ಧ ಹಬ್ಬಿತು. ಹೊಸ ದೇಶದ ತಂಡಕ್ಕೆ 1994ರ ವಿಶ್ವಕಪ್‌ನ ಅರ್ಹತಾ ಸುತ್ತಿನಲ್ಲೂ ಜಾಗವಿರಲಿಲ್ಲ. ಮಿಡ್‌ಫೀಲ್ಡರ್ ಒಬ್ಬ ಮಾಗುವ 21ರಿಂದ 27ರವರೆಗಿನ ವಯಸ್ಸಿನಲ್ಲಿ, ಅಂದರೆ 1990ರ ವಿಶ್ವಕಪ್ ಮತ್ತು ಯೂರೋ 1996ರ ನಡುವೆ, ಅವರಿಗೆ ದೇಶದ ಪರ ಆಡಲು ಒಂದೂ ದೊಡ್ಡ ಟೂರ್ನಿ ಸಿಗಲಿಲ್ಲ. ಇದನ್ನು ಆಟಗಾರನ ಸೋಮಾರಿತನದ ಖಾತೆಗೆ ಬರೆಯುವುದು ಅನ್ಯಾಯ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ನಿಂತು ಆಡುವವನಿಂದ ತಂಡದ ಓಟವೇ ನಿಲ್ಲುತ್ತದೆ, ಚೆಂಡು ಕಳೆದುಕೊಂಡಾಗ ಹಿಂದೆ ಓಡಿಬಂದು ತಡೆಯುವವರು ಯಾರು ಎಂಬ ಪ್ರಶ್ನೆ. ಬ್ಲಾಜೆವಿಚ್ ಕೂಡ ಹಾಗೆಯೇ ಯೋಚಿಸಿರಬಹುದು. 1998ರ ವಿಶ್ವಕಪ್‌ನಲ್ಲಿ ಕ್ರೊಯೇಷಿಯಾದ ಕೋಚ್ ಅದೇ ಬ್ಲಾಜೆವಿಚ್. ಫ್ರಾನ್ಸ್ ವಿರುದ್ಧದ ಸೆಮಿಫೈನಲ್ ಈ ವಾದವನ್ನು ಒರೆಗೆ ಹಚ್ಚುತ್ತದೆ. ಶುಕರ್ ಗೋಲಿನಿಂದ ಮುಂದಿದ್ದ ಕ್ರೊಯೇಷಿಯಾ, ಥುರಾಂ ಹೊಡೆದ ಎರಡು ಗೋಲುಗಳಿಂದ ಹಿಂದೆ ಬಿತ್ತು. ಹೆಚ್ಚುಕಡಿಮೆ 75ನೇ ನಿಮಿಷದಲ್ಲಿ ಬ್ಲಾಂಗೆ ಕೆಂಪು ಕಾರ್ಡ್ ಸಿಕ್ಕಿ ಫ್ರಾನ್ಸ್‌ನಲ್ಲಿ ಹತ್ತೇ ಜನ ಉಳಿದರು. ಹತ್ತು ಜನ ತಮ್ಮ ಗೋಲಿನ ಮುಂದೆ ಗೋಡೆ ಕಟ್ಟಿ ನಿಂತಾಗ ಓಡಲು ಜಾಗವೇ ಇರುವುದಿಲ್ಲ. ಗೋಡೆಯ ಇಟ್ಟಿಗೆಯೊಂದನ್ನು ಆಸೆ ತೋರಿಸಿ ಹೊರಗೆಳೆಯುವವನು ಬೇಕಾಗುತ್ತಾನೆ. ಆ ಕೆಲಸ ಪ್ರೊಸಿನೆಚ್ಕಿಗಿಂತ ಚೆನ್ನಾಗಿ ಬಲ್ಲವರು ಆ ಬೆಂಚಿನಲ್ಲಿರಲಿಲ್ಲ. ಎದುರಾಳಿಗಳೇ ಮುಂದೆ ಬರದಿರುವಾಗ ಹಿಂದೆ ಓಡಿ ತಡೆಯುವ ಚಿಂತೆಯೂ ಇರಲಿಲ್ಲ. ಅವರು ಮೈದಾನಕ್ಕಿಳಿದದ್ದು 90ನೇ ನಿಮಿಷದಲ್ಲಿ. ಕ್ರೊಯೇಷಿಯಾ 2–1ರಲ್ಲಿ ಸೋತಿತು.

ಮೂರು ದಿನಗಳ ನಂತರ ಮೂರನೇ ಸ್ಥಾನಕ್ಕಾಗಿ ನೆದರ್‌ಲೆಂಡ್ಸ್ ವಿರುದ್ಧ ಆಡಲು ಅವರಿಗೆ ಪಂದ್ಯದ ಆರಂಭದಿಂದಲೇ ಅವಕಾಶ ಸಿಕ್ಕಿತು. 13ನೇ ನಿಮಿಷದಲ್ಲಿ ಪೆನಾಲ್ಟಿ ವಲಯದೊಳಗೆ ಚೆಂಡು ಹಿಡಿದು, ತಿರುಗಿ, ಗೋಲು ಹೊಡೆದರು. ಯುಗೊಸ್ಲಾವಿಯದ ಪರವಾಗಿ 1990ರಲ್ಲಿ ಯುಎಇ ವಿರುದ್ಧ ಗೋಲು ಗಳಿಸಿದ್ದ ಪ್ರೊಸಿನೆಚ್ಕಿ, 1998ರ ಈ ಟೂರ್ನಿಯಲ್ಲಿ ಜಮೈಕಾ ವಿರುದ್ಧ ಹೊಡೆದ ಗೋಲಿನೊಂದಿಗೇ ವಿಶ್ವಕಪ್‌ನಲ್ಲಿ ಎರಡು ದೇಶಗಳ ಪರ ಗೋಲು ಗಳಿಸಿದ ಏಕೈಕ ಆಟಗಾರರಾಗಿದ್ದರು. ನೆದರ್‌ಲೆಂಡ್ಸ್ ವಿರುದ್ಧ ಗೆಲುವು 2–1ರದು. ಹೊಸ ದೇಶಕ್ಕೆ ಮೊದಲ ವಿಶ್ವಕಪ್‌ನಲ್ಲೇ ಕಂಚು ಸಿಕ್ಕಿತು.