ಕೈ ರೇಡಿಯೊಗೆ ತಕ್ಕ ಆಂಟೆನಾ

ಅಮೆರಿಕದಲ್ಲಿ ಜನಸಾಮಾನ್ಯರು ಬಳಸುವ ಸಿಬಿ (ಸಿಟಿಜನ್ಸ್ ಬ್ಯಾಂಡ್) ರೇಡಿಯೊದ 40 ಚಾನೆಲ್‌ಗಳು 27 ಮೆಗಾಹರ್ಟ್ಸ್ ಆಸುಪಾಸಿನಲ್ಲಿವೆ. ಅಲ್ಲಿ ತರಂಗದ ಉದ್ದ ಸುಮಾರು 11 ಮೀಟರ್. ಅದರ ಕಾಲುಭಾಗದ ಆಂಟೆನಾ ಎಂದರೂ 2.7 ಮೀಟರ್ ಆಯಿತು. ಚಾರಣಿಗರಿಗೆ ಅಷ್ಟುದ್ದದ ಕಡ್ಡಿ ಹಿಡಿದು ಕಾಡುದಾರಿಯಲ್ಲಿ ನಡೆಯಲಾಗದು.

ರೇಡಿಯೊ ಜೊತೆಗೆ ಬರುವ ರಬ್ಬರ್ ಹೊದಿಕೆಯ ಗಿಡ್ಡ ಆಂಟೆನಾದೊಳಗೆ ತಂತಿ ಸುರುಳಿಯಾಗಿರುತ್ತದೆ. ಪೊದೆಗೆ ಸಿಕ್ಕರೂ ಬಾಗಿ ಮತ್ತೆ ನೆಟ್ಟಗಾಗುವ ಇದು ನಡಿಗೆಗೆ ಹೇಳಿಮಾಡಿಸಿದ್ದು. ಆದರೆ ಎಎಂ ಪ್ರಸಾರ ವಿಧಾನದಲ್ಲಿ ಕಾನೂನು ಒಪ್ಪುವ 4 ವಾಟ್ ಶಕ್ತಿಯ ದೊಡ್ಡ ಪಾಲು ವ್ಯರ್ಥವಾಗುತ್ತದೆ.

ನಿಂತು ಮಾತನಾಡಲು ಬುಡದಲ್ಲಿ ಸುರುಳಿಯಿದ್ದು, ಎಳೆದರೆ ಒಂದು ಮೀಟರ್ ದಾಟುವ ಟೆಲಿಸ್ಕೋಪಿಕ್ ಆಂಟೆನಾ ಮೇಲು. ಬಿಎನ್‌ಸಿ ಕನೆಕ್ಟರ್ ಇದ್ದರೆ ಆಂಟೆನಾವನ್ನು ಕಾಲು ಸುತ್ತಿನಲ್ಲಿ ಬದಲಿಸಬಹುದು. ಉದ್ದದ ಕಡ್ಡಿ ಎಲ್ಲಿಗಾದರೂ ತಗುಲಿದರೆ ಪೆಟ್ಟು ಬೀಳುವುದು ಈ ಕನೆಕ್ಟರಿಗೇ. ನಡೆಯುವಾಗ ಮಡಚುವುದು ಕಡ್ಡಾಯ.

ಅಗ್ಗದ ಉಪಾಯವೂ ಒಂದಿದೆ. ಕನೆಕ್ಟರಿನ ಹೊರಲೋಹಕ್ಕೆ 2.7 ಮೀಟರ್ ತಂತಿ ಸಿಕ್ಕಿಸಿ ಇಳಿಬಿಟ್ಟರೆ ಆಂಟೆನಾಕ್ಕೆ ಕೊರತೆಯಾಗಿದ್ದ ಇನ್ನೊಂದು ಅರ್ಧ ಒದಗುತ್ತದೆ. ಕೆಲವೇ ಗ್ರಾಂ ತೂಗುವ ಈ ತಂತಿಯಿಂದ ಕ್ಷೀಣ ದನಿಗಳೂ ತಿಳಿಯಾಗುತ್ತವೆ.

ಕಣಿವೆಯಲ್ಲಿ ಯಾವ ಆಂಟೆನಾವೂ ಸೋಲುತ್ತದೆ. ಮೊದಲು ಏರು ಹತ್ತಬೇಕು. ನಡೆಯುವಾಗ ಗಿಡ್ಡದ್ದು, ನಿಂತಾಗ ಉದ್ದದ್ದು, ಜೇಬಿನಲ್ಲೊಂದು ತಂತಿ: ಚಾರಣಕ್ಕೆ ಇದೇ ಉತ್ತಮ ಆಯ್ಕೆ.