ಮಕ್ಕಳ ಕಥೆಯಲ್ಲಿ ಸಾವು: ಆದರಣೆಗೆ ಮುಂಚಿನ ಕಣ್ಣೀರು

ತೀರಿಕೊಂಡ ಮಗುವಿನ ಜೊತೆಗಾರರಿಗೆ ನಾವು ಏನು ಹೇಳುತ್ತೇವೆ? ದೇವರು ತನಗೆ ಪ್ರಿಯವಾದ ಹೂವನ್ನು ಕೊಯ್ದುಕೊಂಡನೆಂಬ ಮಾತು ನಮ್ಮ ಶವಸಂಸ್ಕಾರದ ಪ್ರಸಂಗಗಳಲ್ಲಿ ಸುಲಭವಾಗಿ ಬಂದುಬಿಡುತ್ತದೆ. ಅದನ್ನು ಕೇಳಿದ ಮಗು ದೇವರಿಗೆ ಅಂಜುವುದೇ ಹೊರತು ಆದರಣೆ ಹೊಂದುವುದಿಲ್ಲ. ಈ ಕಾರಣದಿಂದ, 1978ರಲ್ಲಿ ನ್ಯೂಬೆರಿ ಪದಕ ಪಡೆದ ಕ್ಯಾಥರೀನ್ ಪ್ಯಾಟರ್‌ಸನ್ ಅವರ ‘ಬ್ರಿಡ್ಜ್ ಟು ಟೆರಬಿಥಿಯಾ’ ಎಂಬ ಮಕ್ಕಳ ಕಾದಂಬರಿಯು ಸಭಾಪಾಲಕರ ಪರಿಶೀಲನೆಗೆ ಅರ್ಹವಾಗಿದೆ.

ಚೀನಾದಲ್ಲಿ ಮಿಷನರಿ ದಂಪತಿಗಳ ಮಗಳಾಗಿ ಹುಟ್ಟಿದ ಲೇಖಕಿಯು ಪ್ರೆಸ್ಬಿಟೇರಿಯನ್ ಸಭಾಪಾಲಕರೊಬ್ಬರ ಕೈಹಿಡಿದವರು. ಅವರ ಮಗನ ಎಂಟು ವರ್ಷದ ಗೆಳತಿಯು 1974ರಲ್ಲಿ ಸಿಡಿಲು ಬಡಿದು ತೀರಿಕೊಂಡಳು. ಆ ದುಃಖವೇ ಕೃತಿಗೆ ಮೂಲ. ಕಥೆಯಲ್ಲಿ ಜೆಸ್ ಎಂಬ ಬಡ ಹುಡುಗನೂ ಲೆಸ್ಲಿ ಎಂಬ ಅವನ ಗೆಳತಿಯೂ ಹಗ್ಗ ಹಿಡಿದು ಹಳ್ಳ ದಾಟಿ, ಆಚೆಯ ಕಾಡಿನಲ್ಲಿ ತಮ್ಮದೇ ಕಲ್ಪನೆಯ ರಾಜ್ಯವೊಂದನ್ನು ಕಟ್ಟಿಕೊಳ್ಳುತ್ತಾರೆ. ಒಂದು ದಿನ ಜೆಸ್ ಅವಳನ್ನು ಕರೆಯದೆ ಶಿಕ್ಷಕಿಯೊಡನೆ ವಾಷಿಂಗ್ಟನ್ನಿಗೆ ಹೋಗುತ್ತಾನೆ. ಹಿಂದಿರುಗುವಷ್ಟರಲ್ಲಿ ಹಗ್ಗ ಹರಿದು ಲೆಸ್ಲಿ ಸತ್ತಿರುತ್ತಾಳೆ.

ಮುಂದಿನ ಅಧ್ಯಾಯಗಳಲ್ಲಿಯೇ ಕೃತಿಯ ಸತ್ವವಿದೆ. ಜೆಸ್ ಸುದ್ದಿಯನ್ನು ನಂಬುವುದಿಲ್ಲ, ತಂಗಿಯನ್ನು ಹೊಡೆಯುತ್ತಾನೆ, ಗೆಳತಿ ಕೊಟ್ಟ ಬಣ್ಣಗಳನ್ನು ಹಳ್ಳಕ್ಕೆ ಎಸೆಯುತ್ತಾನೆ. ಲೇಖಕಿ ಅವನನ್ನು ಖಂಡಿಸುವುದಿಲ್ಲ, ಅವಸರದಿಂದ ಸಂತೈಸುವುದೂ ಇಲ್ಲ. ಬೈಬಲನ್ನು ನಂಬದವರು ನರಕಕ್ಕೆ ಹೋಗುವರೆಂದು ತಂಗಿ ಹೇಳಿದ್ದ ಮಾತು ಅವನನ್ನು ಸುಡುತ್ತಿದೆ. ಲೆಸ್ಲಿಯ ಗತಿಯೇನು? ದೇವರು ಪುಟ್ಟ ಹುಡುಗಿಯರನ್ನು ನರಕಕ್ಕೆ ಕಳುಹಿಸುವವನಲ್ಲವೆಂದು ತಂದೆ ಉತ್ತರಿಸುತ್ತಾನೆ; ಮಗನನ್ನು ಮಡಿಲಿಗೆ ಎಳೆದುಕೊಂಡು ಅಳಗೊಟ್ಟ ಮೇಲೆ ಹೇಳಿದ ಮಾತದು.

ಇದು ಸಿದ್ಧಾಂತವಾಗಿ ಅಪೂರ್ಣ, ಪುನರುತ್ಥಾನದ ನಿರೀಕ್ಷೆ ಇಲ್ಲಿ ಕಾಣುವುದಿಲ್ಲ ಎಂದು ಕೆಲವರು ಆಕ್ಷೇಪಿಸಬಹುದು. ಆಕ್ಷೇಪಣೆ ನ್ಯಾಯವಾದದ್ದೇ. ಆದರೆ ಲಾಜರನನ್ನು ಎಬ್ಬಿಸಲಿದ್ದ ಕರ್ತನು ಮೊದಲು ಅತ್ತನೆಂದು ಯೋಹಾನನು ತಿಳಿಸುತ್ತಾನೆ; 88ನೆಯ ಕೀರ್ತನೆಯು ಕತ್ತಲೆಯಲ್ಲಿಯೇ ಮುಗಿಯುತ್ತದೆ. ವಿಲಾಪಕ್ಕೆ ಎಡೆಗೊಡದ ನಿರೀಕ್ಷೆಯನ್ನು ಸುವಾರ್ತೆಯೆನ್ನಲು ನಾವು ಹಿಂಜರಿಯುತ್ತೇವೆ.

ನಮ್ಮನ್ನು ಕಾಡುವ ಸಂಗತಿ ಬೇರೆಯದು. ಈಸ್ಟರ್ ಹಬ್ಬದಂದು ಈ ಮಕ್ಕಳು ಜೊತೆಯಾಗಿ ಕುಳಿತಿದ್ದ ದೇವಾಲಯದಿಂದ, ದುಃಖದ ದಿನದಲ್ಲಿ ಸಭಾಪಾಲಕನು ಜೆಸ್‌ನ ಬಳಿಗೆ ಬಂದುದನ್ನು ಕಾದಂಬರಿ ಕಾಣಿಸುವುದಿಲ್ಲ. ದುಡಿದು ದಣಿದ ತಂದೆಯೇ ಆ ಸೇವೆಯನ್ನು ನೆರವೇರಿಸುತ್ತಾನೆ. ಕೊನೆಗೆ ಜೆಸ್ ಹಲಗೆಗಳಿಂದ ಸೇತುವೆ ಕಟ್ಟಿ, ತಾನು ಹೊಡೆದ ತಂಗಿಯನ್ನೇ ಕೈಹಿಡಿದು ದಾಟಿಸುತ್ತಾನೆ. ಅತ್ತು ಮುಗಿಸಲು ಬಿಟ್ಟದ್ದರಿಂದಲೇ ಅವನಿಗೆ ಆ ಬಲ ಬಂದಿತು. ಮುಂದಿನ ಶವಸಂಸ್ಕಾರದಲ್ಲಿ ಪ್ರಸಂಗಪೀಠವನ್ನು ಏರುವ ಮೊದಲು, ಹಿಂದಿನ ಬೆಂಚಿನಲ್ಲಿ ಕುಳಿತ ಮಗುವಿನ ಪಕ್ಕದಲ್ಲಿ ನಾವು ಸ್ವಲ್ಪ ಹೊತ್ತು ಕುಳಿತುಕೊಳ್ಳೋಣ.