ಸ್ವಾಪ್ ಹೆಚ್ಚಿಸುವ ಮುನ್ನ

ರಾಸ್ಪ್‌ಬೆರಿ ಪೈ ಮೇಲೆ ಓಪನ್‌ಸಿವಿಯಂಥ ದೊಡ್ಡ ತಂತ್ರಾಂಶವನ್ನು ಕಂಪೈಲ್ ಮಾಡಲು ಕೂತವರಿಗೆಲ್ಲ ಒಂದು ಪರಿಹಾರ ಬಾಯಿಪಾಠ: ಬಿಲ್ಡ್ ಅರ್ಧಕ್ಕೆ ನಿಂತರೆ ಸ್ವಾಪ್ (ರ‍್ಯಾಮ್ ಸಾಲದಾದಾಗ ಅದರ ಬದಲಿಗೆ ಬಳಸುವ ಡಿಸ್ಕ್ ಜಾಗ) ಹೆಚ್ಚಿಸಿ. ಹಲವು ಸಲ ಅದು ಫಲಿಸುತ್ತದೆ. ತೊಂದರೆ ಇರುವುದೂ ಅಲ್ಲೇ. ಒಮ್ಮೆ ಫಲಿಸಿದ ಮೇಲೆ ಕಾರಣ ಹುಡುಕುವ ತಾಳ್ಮೆ ಯಾರಿಗೂ ಉಳಿಯುವುದಿಲ್ಲ.

ಈ ಪರಿಹಾರದ ಹಿಂದಿನ ಲೆಕ್ಕ ಸರಿಯಾಗಿಯೇ ಇದೆ. 2016ರ ಪೈ 3ರಲ್ಲಿ ಕೋರ್ ನಾಲ್ಕು, ರ‍್ಯಾಮ್ ಮಾತ್ರ 1 ಜಿಬಿ. 2021ರ ಝೀರೋ 2 ಡಬ್ಲ್ಯೂನಲ್ಲಿ ಅದರಲ್ಲೂ ಅರ್ಧ. ‘ಮೇಕ್ -ಜೆ4’ ಎಂದು ಆದೇಶ ಕೊಟ್ಟರೆ ನಾಲ್ಕು ಕಂಪೈಲರ್‌ಗಳು ಒಟ್ಟಿಗೇ ಓಡುತ್ತವೆ. ಟೆಂಪ್ಲೇಟ್ ತುಂಬಿದ ಸಿ ಪ್ಲಸ್ ಪ್ಲಸ್ ಕಡತವಾದರೆ ಒಂದೊಂದೂ ನೂರಾರು ಎಂಬಿ ಬೇಡುತ್ತದೆ. ಪೈ ಓಎಸ್ ಬಹುಕಾಲ ಕೊಡುತ್ತ ಬಂದ 100 ಎಂಬಿ ಸ್ವಾಪ್ ಇದಕ್ಕೆ ಎಲ್ಲಿ ಸಾಲಬೇಕು? ಮೆಮೊರಿ ಮುಗಿದಾಗ ಲಿನಕ್ಸ್ ಕರ್ನಲ್ ಹೆಚ್ಚು ನುಂಗಿದ ಪ್ರೋಗ್ರಾಮನ್ನು ಹುಡುಕಿ ಕೊಲ್ಲುತ್ತದೆ. ಹಳೆಯ ಜಿಸಿಸಿ ಕಂಪೈಲರ್ ಇದನ್ನು ‘ಇಂಟರ್ನಲ್ ಕಂಪೈಲರ್ ಎರರ್’ ಎಂದು ತೋರಿಸಿ, ಬಗ್ ವರದಿ ಕಳಿಸಿ ಎಂದು ದಾರಿ ತಪ್ಪಿಸುತ್ತಿತ್ತು.

ಆದರೆ ಎಲ್ಲ ಕ್ರ್ಯಾಶ್‌ಗೂ ಮೆಮೊರಿಯೇ ಕಾರಣವಲ್ಲ. ನಾಲ್ಕೂ ಕೋರ್ ದುಡಿಯತೊಡಗಿದಾಗ ಹಳೆಯ ಫೋನ್ ಚಾರ್ಜರ್, ತೆಳು ಕೇಬಲ್ ತಾಳುವುದಿಲ್ಲ. ವೋಲ್ಟೇಜ್ ಸುಮಾರು 4.63ರ ಕೆಳಗಿಳಿದರೆ ಪೈ ಎಚ್ಚರಿಕೆ ಕೊಡುತ್ತದೆ. ಇನ್ನೂ ಕುಸಿದರೆ ಬೋರ್ಡೇ ರೀಬೂಟ್ ಆಗಬಹುದು. ಅಲ್ಲಿ ಎಷ್ಟು ಸ್ವಾಪ್ ಕೊಟ್ಟರೂ ವ್ಯರ್ಥ.

ಎರಡನ್ನೂ ಬೇರ್ಪಡಿಸುವುದು ಕಷ್ಟವೇನಲ್ಲ. ಕರ್ನಲ್ ಲಾಗ್‌ನಲ್ಲಿ ‘ಔಟ್ ಆಫ್ ಮೆಮೊರಿ’ ಇದ್ದರೆ ಮಾತು ಮುಗಿಯಿತು. ‘ವಿಸಿಜೆನ್‌ಸಿಎಂಡಿ ಗೆಟ್_ಥ್ರಾಟಲ್ಡ್’ ಆದೇಶ ಸೊನ್ನೆ ಬಿಟ್ಟು ಬೇರೇನಾದರೂ ಹೇಳಿದರೆ ವಿದ್ಯುತ್ತನ್ನೋ ಬಿಸಿಯನ್ನೋ ನೋಡಬೇಕು. ಪ್ರತಿ ಸಲವೂ ಅದೇ ಕಡತದಲ್ಲಿ ಬಿದ್ದರೆ ಮೆಮೊರಿ ಅಥವಾ ಕಂಪೈಲರ್ ಮೇಲೆ ಅನುಮಾನಪಡಿ. ಸಲಕ್ಕೊಂದು ಕಡತದಲ್ಲಿ ‘ಸೆಗ್ಮೆಂಟೇಶನ್ ಫಾಲ್ಟ್’ ಬಂದರೆ ಪವರ್, ಓವರ್‌ಕ್ಲಾಕಿಂಗ್ ಇಂಥ ಹಾರ್ಡ್‌ವೇರ್ ಕಡೆ ತಿರುಗಿ.

ಮೆಮೊರಿಯೇ ಕಾರಣವೆಂದು ಖಚಿತವಾದರೂ ಮೊದಲ ಮದ್ದು ಸ್ವಾಪ್ ಆಗಬೇಕಿಲ್ಲ. ಎಸ್‌ಡಿ ಕಾರ್ಡ್ ಮೇಲಿನ ಸ್ವಾಪ್ ನಿಧಾನ, ಜೊತೆಗೆ ಕಾರ್ಡಿನ ಆಯುಷ್ಯವನ್ನೂ ಸವೆಸುತ್ತದೆ. ‘-ಜೆ1’ಕ್ಕೆ ಇಳಿಸಿದರೆ ಖರ್ಚಾಗುವುದು ಸಮಯವೊಂದೇ. ಮುಗಿದ ಕಡತಗಳನ್ನು ‘ಮೇಕ್’ ಮತ್ತೆ ಮುಟ್ಟುವುದಿಲ್ಲವಾದ್ದರಿಂದ ಆ ಭಾರದ ಕಡತ ದಾಟಿದೊಡನೆ ‘-ಜೆ4’ಕ್ಕೆ ಮರಳಬಹುದು. ಬೇಕಿರುವುದು ಪೈಥಾನ್ ಪ್ಯಾಕೇಜಾದರೆ ಪೈಗೆಂದೇ ಇರುವ ಪೈವೀಲ್ಸ್ ಭಂಡಾರದಲ್ಲಿ ಕಂಪೈಲ್ ಆದ ಸಿದ್ಧ ರೂಪವೇ ಸಿಕ್ಕೀತು. ದೊಡ್ಡ ಯೋಜನೆಗೆ ಪಿಸಿಯಲ್ಲಿ ಕ್ರಾಸ್ ಕಂಪೈಲ್ ಮಾಡುವುದೇ ಲೇಸು.

ಸ್ವಾಪ್ ಕೆಟ್ಟದ್ದಲ್ಲ, ಅದಕ್ಕೆ ಕೊಟ್ಟ ಮೊದಲ ಸ್ಥಾನ ತಪ್ಪು. ಮೊದಲು ಲಾಗ್ ಓದಿ, ಪವರ್ ನೋಡಿ, ಒಟ್ಟಿಗೆ ಓಡುವ ಕಂಪೈಲರ್‌ಗಳನ್ನು ತಗ್ಗಿಸಿ. ಒಂದೇ ಕಂಪೈಲರಿಗೂ ಜಾಗ ಸಾಲದಾದಾಗ ಮಾತ್ರ ಸ್ವಾಪ್‌ಗೆ ಕೈಹಾಕಿ.